ಎಣ್ಣೆ ಸಂಸ್ಕರಿಸಲು ನೇತ್ರಾವತಿಯ ನೀರು ಏಕೆ ಬೇಕು?

ಪ್ರಶ್ನೆ: ನಮ್ಮ ಮನೆ ಸುರತ್ಕಲ್ ಸಮೀಪ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನ ಕೊಳವೆಯ ತುದಿಯಲ್ಲಿ ಉರಿಯುವ ಬೆಂಕಿ ಮಹಡಿಯಿಂದಲೇ ಕಾಣುತ್ತದೆ. 2012, 2016, 2019ರ ಬೇಸಿಗೆಗಳಲ್ಲಿ ನೇತ್ರಾವತಿಯಲ್ಲಿ ನೀರಿಲ್ಲವೆಂದು ಅಲ್ಲಿನ ಕೆಲವು ಘಟಕಗಳನ್ನು ನಿಲ್ಲಿಸಿದ್ದರೆಂದು ಪತ್ರಿಕೆಯಲ್ಲಿ ಓದಿದ ನೆನಪು. ಕಚ್ಚಾತೈಲ ಕಾಯಿಸಿ ಪೆಟ್ರೋಲ್ ತೆಗೆಯುವುದಕ್ಕೆ ನೀರು ಏಕೆ? ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲವಲ್ಲ! ಇನ್ನೊಂದು ಪ್ರಶ್ನೆ: ಆ ಬೆಂಕಿಯಲ್ಲಿ ವ್ಯರ್ಥವಾಗುವ ಅನಿಲವನ್ನು ಸಿಲಿಂಡರಿಗೆ ತುಂಬಿ ಕೊಡಬಾರದೇ?

ಉತ್ತರ: ಎರಡನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಬೆಂಕಿ ಕಣ್ಣಿಗೆ ಬೀಳುತ್ತದಲ್ಲ. ನೀರಿನ ಪ್ರಶ್ನೆ ಕೇಳುವವರು ಕಡಿಮೆ. ಸಂಸ್ಕರಣಾಗಾರದ ಒಳಗೆ ಏನು ನಡೆಯುತ್ತದೆಂದು ತಿಳಿಯಬೇಕಾದರೆ ಹಿಡಿಯಬೇಕಾದ ಎಳೆ ಮಾತ್ರ ಅದೇ. ಆದ್ದರಿಂದ ನೀರಿನಿಂದ ಶುರುಮಾಡಿ ಬೆಂಕಿಗೆ ಬರುತ್ತೇನೆ.

ಮೊದಲು ಗಾತ್ರ ಎಷ್ಟೆಂದು ನೋಡಿ. ಎಂಆರ್‌ಪಿಎಲ್‌ನ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ. ದಿನಕ್ಕೆ ಹಂಚಿದರೆ ಸುಮಾರು 41,000 ಟನ್. ತೈಲ ವ್ಯಾಪಾರದ ಅಳತೆಯಲ್ಲಿ ಹೇಳುವುದಾದರೆ 3 ಲಕ್ಷ ಬ್ಯಾರೆಲ್. 2022-23ರಲ್ಲಿ ವರ್ಷಕ್ಕೆ 1.7 ಕೋಟಿ ಟನ್ ದಾಟಿಸಿದ್ದೂ ಉಂಟು. ಇಷ್ಟು ಎಣ್ಣೆಯನ್ನು ಹಗಲೂ ರಾತ್ರಿ ಕಾಯಿಸಬೇಕು, ಬೇರ್ಪಡಿಸಬೇಕು, ಆಮೇಲೆ ತಣಿಸಿ ಟ್ಯಾಂಕಿಗೆ ಕಳುಹಿಸಬೇಕು. ಕಾಯಿಸುವ ಕೆಲಸ ಎಲ್ಲರ ಗಮನಕ್ಕೂ ಬರುತ್ತದೆ. ತಣಿಸುವುದೂ ಅಷ್ಟೇ ದೊಡ್ಡ ಕೆಲಸವೆಂಬುದು ಒಳಗಿದ್ದವರಿಗಷ್ಟೇ ಗೊತ್ತು.

ಕಚ್ಚಾತೈಲ ಘಟಕದೊಳಗೆ ಬಂದೊಡನೆ ಅದಕ್ಕೆ ಮೊದಲು ಬೆರೆಸುವುದೇ ನೀರನ್ನು. ನೆಲದಾಳದಿಂದ ಬರುವ ತೈಲದಲ್ಲಿ ಉಪ್ಪು ಇರುತ್ತದೆ. ಹಾಗೆಯೇ ಕುಲುಮೆಗೆ ಬಿಟ್ಟರೆ ಆ ಉಪ್ಪು ಒಡೆದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಗೋಪುರದ ತಲೆಭಾಗದ ಉಕ್ಕನ್ನು ತಿಂದುಹಾಕುತ್ತದೆ. ಆದ್ದರಿಂದ ತೈಲವನ್ನು 120-140 ಡಿಗ್ರಿಗೆ ಬಿಸಿಮಾಡಿ, ನೂರು ಪಾಲಿಗೆ ಐದಾರು ಪಾಲು ನೀರು ಸೇರಿಸಿ ಚೆನ್ನಾಗಿ ಕಲಕುತ್ತಾರೆ. ಉಪ್ಪು ನೀರಿಗಿಳಿಯುತ್ತದೆ. ಆಮೇಲೆ ದೊಡ್ಡ ಅಡ್ಡ ಟ್ಯಾಂಕಿನಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಕ್ಷೇತ್ರ ಕೊಟ್ಟರೆ ನೀರಿನ ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ತಳ ಸೇರುತ್ತವೆ. ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲ ಎಂದಿರಲ್ಲ, ಈ ಕೆಲಸ ನಡೆಯುವುದೇ ಅದರಿಂದ.

ಅಲ್ಲಿಂದ ಮುಂದೆ ಕುಲುಮೆ. ತೈಲವನ್ನು 350-370 ಡಿಗ್ರಿಗೆ ಕಾಯಿಸಿ ಎತ್ತರದ ಗೋಪುರದ ಬುಡಕ್ಕೆ ಬಿಡುತ್ತಾರೆ. ಹಗುರ ಭಾಗ ಆವಿಯಾಗಿ ಮೇಲೇರುತ್ತದೆ, ಏರುತ್ತಾ ತಣಿದು ತನ್ನ ಮಟ್ಟದ ತಟ್ಟೆಯಲ್ಲಿ ದ್ರವವಾಗುತ್ತದೆ. ತುದಿಯಲ್ಲಿ ಅನಿಲ ಮತ್ತು ಪೆಟ್ರೋಲಿನ ಮೂಲವಾದ ಹಗುರ ಎಣ್ಣೆ ನಾಫ್ತಾ, ನಡುವೆ ಸೀಮೆಎಣ್ಣೆ, ಅದರ ಕೆಳಗೆ ಡೀಸೆಲ್. ಬುಡದಿಂದ ಹಬೆ ಊದುತ್ತಾರೆ. ಹಬೆಯ ಸಹಾಯವಿದ್ದರೆ ಎಣ್ಣೆ ಕಡಿಮೆ ಉಷ್ಣದಲ್ಲೇ ಆವಿಯಾಗುತ್ತದೆ. ಇನ್ನೂ ಹೆಚ್ಚು ಕಾಯಿಸಿ ಎಲ್ಲವನ್ನೂ ಆವಿ ಮಾಡಿಬಿಡಬಾರದೇ ಎಂದರೆ, ಆಗುವುದಿಲ್ಲ. 370-380 ಡಿಗ್ರಿ ದಾಟಿತೆಂದರೆ ಎಣ್ಣೆಯ ಅಣುಗಳು ಸೀಳತೊಡಗುತ್ತವೆ, ಕುಲುಮೆಯ ಕೊಳವೆಯೊಳಗೆ ಕರಿ ಕಟ್ಟುತ್ತದೆ.

ಹೀಗಾಗಿ ಗೋಪುರದ ಬುಡದಲ್ಲಿ ದಪ್ಪನೆಯ ಕಪ್ಪು ಎಣ್ಣೆ ಉಳಿಯುತ್ತದೆ. ಕೊಲ್ಲಿ ದೇಶಗಳಿಂದ ಬರುವ ತೈಲದಲ್ಲಿ ಇದರ ಪಾಲು ಹೆಚ್ಚುಕಡಿಮೆ ಅರ್ಧ. ಕಚ್ಚಾತೈಲ ಕಾಯಿಸಿದರೆ ಪೆಟ್ರೋಲ್ ಬರುತ್ತದೆ ಎಂಬ ಮಾತು ಶಾಲೆಯ ಚಿತ್ರಪಟದ ಮಟ್ಟಿಗೆ ಸರಿ. ಕಾಯಿಸಿದರೆ ಮುಖ್ಯವಾಗಿ ಬರುವುದು ಈ ತಳದ ಎಣ್ಣೆ. ಇದನ್ನು ಏನು ಮಾಡುವುದು ಎಂಬುದೇ ಸಂಸ್ಕರಣಾಗಾರದ ಜೀವನ್ಮರಣದ ಪ್ರಶ್ನೆ. ಡಾಂಬರು, ಹಡಗಿನ ಇಂಧನ ಎಂದು ಮಾರಬಹುದು. ಆದರೆ ಕೊಂಡ ಕಚ್ಚಾತೈಲಕ್ಕಿಂತ ಕಡಿಮೆ ಬೆಲೆಗೆ ಮಾರಬೇಕಾಗುವುದೇ ಹೆಚ್ಚು. ಮಂಗಳೂರಿನ ಸಂಸ್ಕರಣಾಗಾರ ಹಂತ ಹಂತವಾಗಿ ಬೆಳೆದ ಚರಿತ್ರೆಯನ್ನು ಈ ತಳದ ಎಣ್ಣೆಯನ್ನು ಹಿಂಡುವ ಚರಿತ್ರೆ ಎಂದೇ ಓದಬಹುದು. ಹಿಂಡಿದಷ್ಟೂ ನೀರು ಹೆಚ್ಚು ಬೇಕು. ನಿಮ್ಮ ಪ್ರಶ್ನೆಯ ಗುಟ್ಟು ಇಲ್ಲಿದೆ.

ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಕರ್ನಾಟಕದಲ್ಲಿ ತೈಲ ಬಾವಿಗಳಿಲ್ಲ. ಇಲ್ಲಿ ಸಂಸ್ಕರಣಾಗಾರ ಬಂದದ್ದು ಬಂದರಿನ ದೆಸೆಯಿಂದ. ಪಣಂಬೂರಿನ ನವಮಂಗಳೂರು ಬಂದರು 1970ರ ದಶಕದ ಮಧ್ಯದಲ್ಲಿ ಕೆಲಸ ಶುರುಮಾಡಿದಾಗ ಅದರ ಭರವಸೆಯೆಲ್ಲ ಕುದುರೆಮುಖದ ಅದಿರಿನ ಮೇಲಿತ್ತು. ಬಂದರಿಗಾಗಿ ಪಣಂಬೂರು ಸೀಮೆಯಿಂದ ಎದ್ದುಹೋದವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕೊಟ್ಟರು. ಮುಂದೆ ಅದೇ ಕಾಟಿಪಳ್ಳದ ಮಗ್ಗುಲಲ್ಲಿ, ಕುತ್ತೆತ್ತೂರು, ಬಾಳ, ಪೆರ್ಮುದೆಗಳ ಗದ್ದೆ ತೋಟಗಳ ಮೇಲೆ ಸಂಸ್ಕರಣಾಗಾರ ಎದ್ದಿತು. ಇನ್ನಷ್ಟು ಕುಟುಂಬಗಳು ಚೇಳ್ಯಾರಿನಂಥ ಕಾಲೊನಿಗಳಿಗೆ ಹೋದವು. ಆ ಸೀಮೆಯಲ್ಲಿ ಒಂದೇ ಬಂಧುವರ್ಗದ ಒಂದು ಕವಲು ಬಂದರಿಗೆ, ಇನ್ನೊಂದು ತೈಲಕ್ಕೆ ನೆಲ ಬಿಟ್ಟುಕೊಟ್ಟ ಮನೆಗಳಿವೆ. ಪರಿಹಾರದ ಲೆಕ್ಕಪತ್ರದಲ್ಲಿ ಇಂಥದ್ದಕ್ಕೆ ಕಲಮು ಇರುವುದಿಲ್ಲ.

ಕಂಪನಿ ಹುಟ್ಟಿದ್ದು 1988ರಲ್ಲಿ. ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಸಮೂಹದ ಇಂಡಿಯನ್ ರೇಯಾನ್ ಸೇರಿ ಕಟ್ಟಿದ ಜಂಟಿ ಉದ್ಯಮ ಅದು. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಶುರುವಾಯಿತು. ಗಾತ್ರ ಚಿಕ್ಕದಾದರೂ ಮೊದಲ ದಿನದಿಂದಲೇ ಅದರೊಳಗೆ ಭಾರದ ಎಣ್ಣೆಯನ್ನು ಒಡೆದು ಡೀಸೆಲ್ ಮಾಡುವ ಒಂದು ಹೈಡ್ರೋಕ್ರ್ಯಾಕರ್ ಇತ್ತು. 1999ರಲ್ಲಿ ಸಾಮರ್ಥ್ಯವನ್ನು 96.9 ಲಕ್ಷ ಟನ್ನಿಗೆ ಏರಿಸಿದಾಗ ಎರಡನೆಯದೂ ಬಂತು. ಡೀಸೆಲ್ ಹೆಚ್ಚು ಬೇಡುವ ದೇಶಕ್ಕೆ ಇದು ಸರಿಯಾದ ಲೆಕ್ಕಾಚಾರವೇ. ಆದರೆ ಸಾಲ ತಂದು ವಿಸ್ತರಿಸಿದ ಹೊತ್ತಿಗೆ ಸಂಸ್ಕರಣೆಯ ಲಾಭ ಕುಸಿಯಿತು, ಕಂಪನಿ ನಷ್ಟಕ್ಕೆ ಬಿತ್ತು. 2003ರ ಮಾರ್ಚ್‌ನಲ್ಲಿ ಬಿರ್ಲಾ ಸಮೂಹ ತನ್ನ ಶೇ. 37ರಷ್ಟು ಪಾಲನ್ನು ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಗೆ ಷೇರಿಗೆ 2 ರೂಪಾಯಿಯಂತೆ, ಸುಮಾರು 59 ಕೋಟಿ ರೂಪಾಯಿಗೆ, ಬಿಟ್ಟುಕೊಟ್ಟಿತು. ಬೆಂಗಳೂರಿನ ಒಂದು ದೊಡ್ಡ ನಿವೇಶನದ ಕ್ರಯದಂತೆ ಕೇಳಿಸುವ ಮೊತ್ತ. ಅದರೊಂದಿಗೆ ಬಂದ ಸಾಲ ಮಾತ್ರ ಸಾವಿರಾರು ಕೋಟಿಯದು. ಒಎನ್‌ಜಿಸಿ ಹೊಸ ಬಂಡವಾಳ ಹಾಕಿತು, ಸಾಲದ ಕಂತುಗಳನ್ನು ಮರುಹೊಂದಿಸಿಕೊಂಡಿತು, ಅಷ್ಟರಲ್ಲಿ ಮಾರುಕಟ್ಟೆಯೂ ತಿರುಗಿತು. ಖಾಸಗಿ ಕೈಯಿಂದ ಸರ್ಕಾರಿ ಕೈಗೆ ಬಂದು ಚೇತರಿಸಿಕೊಂಡ ಉದ್ಯಮಗಳು ನಮ್ಮಲ್ಲಿ ವಿರಳ, ಇದು ಒಂದು.

ಇನ್ನು ಹೈಡ್ರೋಕ್ರ್ಯಾಕರ್ ಎಂದರೇನು? ತಳದ ಎಣ್ಣೆಯನ್ನು ಮೊದಲು ಇನ್ನೊಂದು ಗೋಪುರದಲ್ಲಿ, ಗಾಳಿಯ ಒತ್ತಡವನ್ನು ತೀರ ಇಳಿಸಿ, ಮತ್ತೊಮ್ಮೆ ಬೇರ್ಪಡಿಸುತ್ತಾರೆ. ಒತ್ತಡ ಇಳಿಸುವುದಕ್ಕೂ ಹಬೆಯ ರಭಸದಿಂದ ಗಾಳಿಯನ್ನು ಹೊರಗೆಳೆಯುವ ಎಜೆಕ್ಟರ್‌ಗಳೇ ಬೇಕು. ಅಲ್ಲಿ ಸಿಕ್ಕ ಭಾರದ ಎಣ್ಣೆಯನ್ನು ಸುಮಾರು 400 ಡಿಗ್ರಿ ಬಿಸಿಯಲ್ಲಿ, ವಾತಾವರಣದ ನೂರೈವತ್ತು ಪಟ್ಟಿಗೂ ಮೀರಿದ ಒತ್ತಡದಲ್ಲಿ, ಹೈಡ್ರೋಜನ್ ಜೊತೆ ವೇಗವರ್ಧಕದ ಹಾಸಿನ ಮೂಲಕ ಹಾಯಿಸಿದರೆ ಉದ್ದನೆಯ ಅಣುಗಳು ತುಂಡಾಗುತ್ತವೆ. ತುಂಡಾದ ತುದಿಗಳಿಗೆ ಹೈಡ್ರೋಜನ್ ಅಂಟಿಕೊಳ್ಳುತ್ತದೆ, ಒಳಗಿದ್ದ ಗಂಧಕ ಬಿಟ್ಟುಹೋಗುತ್ತದೆ. ಹೊರಬರುವುದು ತಿಳಿ ಡೀಸೆಲ್, ವಿಮಾನದ ಇಂಧನ.

ಈ ಹೈಡ್ರೋಜನ್ ಎಲ್ಲಿಂದ ಬರುತ್ತದೆ? ನಾಫ್ತಾ ಅಥವಾ ನೈಸರ್ಗಿಕ ಅನಿಲವನ್ನು ಹಬೆಯ ಜೊತೆ 800 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ ನಿಕ್ಕಲ್ ವೇಗವರ್ಧಕದ ಮೇಲೆ ಹಾಯಿಸಿ ಪಡೆಯುತ್ತಾರೆ. ಹೈಸ್ಕೂಲಿನ ರಸಾಯನಶಾಸ್ತ್ರ ನೆನಪಿದ್ದರೆ ಸಮೀಕರಣ ಬರೆದು ನೋಡಿ: ನೈಸರ್ಗಿಕ ಅನಿಲದಿಂದ ಮಾಡಿದರೆ ಹುಟ್ಟುವ ಹೈಡ್ರೋಜನ್‌ನ ಅರ್ಧ ಪಾಲು ನೀರಿನಿಂದ ಬಂದದ್ದು, ನಾಫ್ತಾದಿಂದ ಮಾಡಿದರೆ ಮೂರರಲ್ಲಿ ಎರಡು ಪಾಲು. ಇಲ್ಲಿ ನೀರು ತೊಳೆಯಲು, ತಣಿಸಲು ಬಳಕೆಯಾಗಿ ಮರಳುವುದಿಲ್ಲ. ಒಡೆದು ಇಂಧನದೊಳಗೇ ಸೇರುತ್ತದೆ. 2003ರಿಂದ ಮಂಗಳೂರು-ಹಾಸನ-ಬೆಂಗಳೂರು ಕೊಳವೆಮಾರ್ಗ ಘಟ್ಟ ಹತ್ತಿ 360 ಕಿ.ಮೀ. ಆಚೆಗೆ ಡೀಸೆಲ್, ಪೆಟ್ರೋಲ್ ಸಾಗಿಸುತ್ತಿದೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳ ನೀರನ್ನು ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಜಗಳ ಶುರುವಾಗುವ ಮೊದಲೇ ನೇತ್ರಾವತಿಯ ನೀರಿನ ಒಂದಂಶ ಈ ರೂಪದಲ್ಲಿ ಬಯಲುಸೀಮೆ ಸೇರುತ್ತಿತ್ತು ಎಂದರೆ ಕರಾವಳಿಯವರು ಸಿಟ್ಟಾಗಬಾರದು.

ಹೈಡ್ರೋಜನ್ ಬೇಡಿಕೆ ಏರುವುದಕ್ಕೆ ಇನ್ನೊಂದು ಕಾರಣ ಕಾನೂನು. 1990ರ ದಶಕದ ಮಧ್ಯದವರೆಗೆ ನಮ್ಮ ಡೀಸೆಲ್‌ನಲ್ಲಿ ಶೇ. 1ರಷ್ಟು, ಅಂದರೆ ಹತ್ತು ಲಕ್ಷಕ್ಕೆ 10,000 ಪಾಲು, ಗಂಧಕವಿರಲು ಅವಕಾಶವಿತ್ತು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಅದು 10 ಪಾಲು. ಸಾವಿರದಲ್ಲಿ ಒಂದಂಶಕ್ಕೆ ಇಳಿಸಿದ ಹಾಗಾಯಿತು. ಬೆಂಗಳೂರಿನ ಗಾಳಿಗೆ ಒಳ್ಳೆಯದೇ. ಆ ಗಂಧಕವನ್ನು ಕೀಳಲು ಹೈಡ್ರೋಜನ್ ಬೇಕು, ಹೈಡ್ರೋಜನ್‌ಗೆ ಹಬೆ ಬೇಕು, ಹಬೆಗೆ ಶುದ್ಧ ನೀರು ಬೇಕು. ಕಿತ್ತ ಗಂಧಕ ಕೊನೆಗೆ ಹಳದಿ ಗಟ್ಟಿಯಾಗಿ ಲಾರಿ ಹತ್ತುತ್ತದೆ.

ಮೂರನೆಯ ಹಂತದ ವಿಸ್ತರಣೆಯಲ್ಲಿ, 2012ರಿಂದ 2015ರ ನಡುವೆ, ಸಾಮರ್ಥ್ಯ 1.5 ಕೋಟಿ ಟನ್ ಆಯಿತು. ಹೈಡ್ರೋಕ್ರ್ಯಾಕರಿಗೂ ಒಗ್ಗದ, ಡಾಂಬರಿನಂಥ ಕಡೆಯ ಗಷ್ಟಿಗೆ ಕೋಕರ್ ಘಟಕ ಬಂತು. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ಗೆ ಬೇಕಾದ ಅನಿಲ ಕೊಡುವ ಇನ್ನೊಂದು ಕ್ರ್ಯಾಕರ್ ಬಂತು. ಕೋಕರ್ ಕೆಲಸ ಮಾಡುವ ರೀತಿ ನೋಡಲು ಸೊಗಸು, ಕೇಳಲು ಭಯ. ಗಷ್ಟಿಯನ್ನು ಸುಮಾರು 500 ಡಿಗ್ರಿಗೆ ಕ್ಷಣಾರ್ಧದಲ್ಲಿ ಕಾಯಿಸಿ, ಹತ್ತು ಮಹಡಿ ಎತ್ತರದ ಉಕ್ಕಿನ ಡ್ರಮ್ಮಿಗೆ ಬಿಡುತ್ತಾರೆ. ಅಲ್ಲಿ ಅದು ತನ್ನಷ್ಟಕ್ಕೆ ಒಡೆದು, ಆವಿಯಾಗುವ ಭಾಗ ಮೇಲಿಂದ ಹೊರಟುಹೋಗಿ, ಉಳಿದದ್ದು ಇದ್ದಿಲಿನಂಥ ಗಟ್ಟಿ ಕೋಕ್ ಆಗಿ ಡ್ರಮ್ಮನ್ನು ತುಂಬುತ್ತದೆ. ಡ್ರಮ್ಮುಗಳು ಜೋಡಿ ಜೋಡಿಯಾಗಿರುತ್ತವೆ: ಒಂದು ತುಂಬುತ್ತಿರುವಾಗ ಇನ್ನೊಂದನ್ನು ಖಾಲಿ ಮಾಡಬೇಕು. ಮೊದಲು ಹಬೆ, ಆಮೇಲೆ ನೀರು ಬಿಟ್ಟು ಗಂಟೆಗಟ್ಟಲೆ ತಣಿಸುತ್ತಾರೆ. ಬಳಿಕ ಮೇಲಿನ ಮತ್ತು ಕೆಳಗಿನ ಬಾಗಿಲು ತೆಗೆದು, ಉದ್ದ ಸಲಾಕೆಯ ತುದಿಯ ಮೂತಿಯಿಂದ 200 ವಾತಾವರಣಕ್ಕೂ ಮೀರಿದ ಒತ್ತಡದ ನೀರು ಚಿಮ್ಮಿಸುತ್ತಾರೆ. ಸಲಾಕೆ ಮೊದಲು ನಡುಮಧ್ಯದಲ್ಲಿ ಮೇಲಿಂದ ಕೆಳಗೆ ಒಂದು ಬಾವಿ ಕೊರೆಯುತ್ತದೆ, ಆಮೇಲೆ ತಿರುಗುತ್ತಾ ಗೋಡೆಯ ಕಡೆಗೆ ಕತ್ತರಿಸುತ್ತದೆ. ಕಪ್ಪು ಹೆಂಟೆಗಳು ನೀರಿನ ಜೊತೆ ಧಡಧಡನೆ ಕೆಳಗಿನ ಗುಂಡಿಗೆ ಬೀಳುತ್ತವೆ. ಡ್ರಮ್ಮಿನ ಸದ್ದು ಬದಲಾಗುವುದನ್ನು ಕೇಳಿಯೇ ಎಷ್ಟು ಕತ್ತರಿಸಿಯಾಯಿತು, ಎಷ್ಟು ಉಳಿದಿದೆ ಎಂದು ಹೇಳಬಲ್ಲ ಆಪರೇಟರುಗಳಿದ್ದಾರೆ. ಆ ನೀರನ್ನು ಸೋಸಿ ಮತ್ತೆ ಬಳಸುತ್ತಾರೆ, ಆದರೂ ಪ್ರತಿ ಸುತ್ತಿನಲ್ಲಿ ಒಂದಿಷ್ಟು ಆವಿಯಾಗುತ್ತದೆ, ಒಂದಿಷ್ಟು ಕೋಕ್‌ಗೆ ಅಂಟಿಕೊಂಡು ಹೋಗುತ್ತದೆ. ಈ ಘಟಕ ಬಂದ ಮೇಲೆಯೇ ಜೋಕಟ್ಟೆ, ಕಳವಾರು ಕಡೆಯ ಜನ ಕಪ್ಪು ದೂಳು, ಕೆಟ್ಟ ವಾಸನೆ ಎಂದು ಬೀದಿಗಿಳಿದು ವರ್ಷಗಟ್ಟಲೆ ಹೋರಾಡಿದ್ದು. ಕೋಕ್ ರಾಶಿಯನ್ನು ಮುಚ್ಚಿ ಸಾಗಿಸುವುದು, ಊರಿಗೂ ಕಾರ್ಖಾನೆಗೂ ನಡುವೆ ಮರಗಳ ಸಾಲು ಬೆಳೆಸುವುದು ವಿನ್ಯಾಸದ ಮೊದಲ ಹಾಳೆಯಲ್ಲೇ ಇರಬೇಕಾದ ಸಂಗತಿಗಳು. ಜನ ಕೂಗಿದ ಮೇಲೆ ನೆನಪಾಗಬೇಕಾದವಲ್ಲ.

ಇಷ್ಟೆಲ್ಲ ಹೇಳಿದರೂ ಅತಿ ಹೆಚ್ಚು ನೀರು ಕುಡಿಯುವುದು ಇವಾವುವೂ ಅಲ್ಲ, ಕೂಲಿಂಗ್ ಟವರ್‌ಗಳು. ನಿಮ್ಮ ಮಹಡಿಯಿಂದ ಕಾಣುವ ದಪ್ಪ ಬಿಳಿ ಮೋಡ ಹೊಗೆಯಲ್ಲ, ನೀರಾವಿ. ಮಣ್ಣಿನ ಹೂಜಿ ಬೆವರಿ ತಣ್ಣಗಾಗುವಂತೆಯೇ ಟವರಿನಲ್ಲಿ ಒಂದಿಷ್ಟು ನೀರು ಆವಿಯಾಗಿ ಉಳಿದದ್ದನ್ನು ತಣಿಸುತ್ತದೆ. ತಣಿದ ನೀರು ಮತ್ತೆ ಘಟಕಗಳಿಗೆ ಹೋಗುತ್ತದೆ, ಆವಿಯಾದದ್ದು ಹೋಯಿತು.

ಎಷ್ಟು? ಒರಟು ಲೆಕ್ಕ ಹಾಕೋಣ. ಈ ಬಗೆಯ ಸಂಸ್ಕರಣಾಗಾರಗಳು ತಾವು ಪಡೆದ ತೈಲದ ಶೇ. 8ರಿಂದ 10ರಷ್ಟನ್ನು ತಮ್ಮದೇ ಕುಲುಮೆ, ಬಾಯ್ಲರ್‌ಗಳಲ್ಲಿ ಉರಿಸುತ್ತವೆ. 41,000 ಟನ್ನಿಗೆ ಅದು ದಿನಕ್ಕೆ 3,500 ಟನ್ನಿನ ಆಸುಪಾಸು. ಒಂದು ಟನ್ ನೀರು ಆವಿಯಾದರೆ 55-60 ಕಿಲೋ ಎಣ್ಣೆ ಉರಿದಷ್ಟು ಶಾಖವನ್ನು ಒಯ್ಯುತ್ತದೆ. ಉರಿಸಿದ ಶಾಖದಲ್ಲಿ ಮೂರನೆಯ ಒಂದು ಪಾಲು ಮಾತ್ರ ಟವರ್‌ಗಳ ಮೂಲಕ ಹೊರಹೋಗುತ್ತದೆಂದು ಹಿಡಿದರೂ ದಿನಕ್ಕೆ ಎರಡು ಕೋಟಿ ಲೀಟರ್ ನೀರು ಬಾನಿಗೆ ಏರುತ್ತದೆ. ಇದು ನನ್ನ ಕಾಗದದ ಲೆಕ್ಕವೇ ಹೊರತು ಕಂಪನಿಯ ಅಂಕಿಯಲ್ಲ, ಆದರೆ ಪ್ರಮಾಣದ ಅಂದಾಜು ಸಿಗಲಿ ಎಂದು ಹೇಳಿದೆ.

ಈಗ ನೇತ್ರಾವತಿಗೆ ಬನ್ನಿ. ಸಂಸ್ಕರಣಾಗಾರ ನೀರೆತ್ತುವುದು ಬಂಟ್ವಾಳ ತಾಲ್ಲೂಕಿನ ಸರಪಾಡಿಯಲ್ಲಿ. ಅಲ್ಲಿಂದ ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು ಇಡೀ ಮಂಗಳೂರಿಗೆ ಕುಡಿಯುವ ನೀರು ಕೊಡುತ್ತದೆ. ಮಳೆಗಾಲದಲ್ಲಿ ದಡ ಮೀರುವ ನದಿ ಏಪ್ರಿಲ್-ಮೇ ತಿಂಗಳಲ್ಲಿ ಕಲ್ಲುಬಂಡೆ ತೋರಿಸುತ್ತದೆ. 30 ಲಕ್ಷ ಟನ್ನಿನ ಕಾಲದಲ್ಲಿ ಈ ಹೊಂದಾಣಿಕೆ ನಡೆಯಿತು. ಸಾಮರ್ಥ್ಯ ಐದು ಪಟ್ಟಾಯಿತು, ನಗರವೂ ಬೆಳೆಯಿತು, ನದಿ ಮಾತ್ರ ಅಷ್ಟೇ ಇತ್ತು. ನೀರು ಕಡಿಮೆಯಾದಾಗ ಜಿಲ್ಲಾಡಳಿತ ಮೊದಲು ಊರಿಗೆ ಎಂದಿತು, ಘಟಕಗಳು ನಿಂತವು. ಹಾಗೆಯೇ ಆಗಬೇಕು. ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ, ಸಮುದ್ರದಿಂದ ಕೂಗಳತೆಯಲ್ಲಿರುವ ಕಾರ್ಖಾನೆ ನೀರಿಲ್ಲದೆ ನಿಂತದ್ದು ವಿಧಿಯಲ್ಲ, ಯೋಜನೆಯ ಕೊರತೆ. ವಿಸ್ತರಣೆಯ ಜೊತೆಗೇ ಬರಬೇಕಾಗಿದ್ದ ಏರ್ಪಾಡುಗಳು ಆಮೇಲೆ ಬಂದವು: ಕಾವೂರಿನಲ್ಲಿ ಶುದ್ಧೀಕರಿಸಿದ ಒಳಚರಂಡಿ ನೀರಿನ ಬಳಕೆ, ಮತ್ತು ತಣ್ಣೀರುಬಾವಿ ಕಡಲತೀರದಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ. ಸಮುದ್ರದ ನೀರು ದುಬಾರಿ, ವಿದ್ಯುತ್ ತಿನ್ನುತ್ತದೆ. ಆದರೆ ಇಷ್ಟು ದೊಡ್ಡ ಘಟಕಗಳನ್ನು ನಿಲ್ಲಿಸಿ ಮತ್ತೆ ಶುರುಮಾಡುವ ಖರ್ಚು, ಅಪಾಯಗಳ ಮುಂದೆ ಅದು ಕಡಿಮೆಯೇ. ತಣ್ಣಗಾದ ಸಂಸ್ಕರಣಾಗಾರವನ್ನು ಮತ್ತೆ ಬಿಸಿ ಮಾಡುವುದಕ್ಕೆ ದಿನಗಟ್ಟಲೆ ಬೇಕು. ಗುಂಡಿ ಒತ್ತಿದರೆ ಓಡುವ ಯಂತ್ರವಲ್ಲ ಅದು.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕಚ್ಚಾತೈಲದ ದೊಡ್ಡ ಹಡಗುಗಳು ಬಂದರಿನೊಳಗೆ ಬರಲಾರವು. 2013ರಿಂದ ಅವು ದಡದಿಂದ ಹದಿನೈದು ಕಿ.ಮೀ.ಗೂ ಆಚೆ ಸಮುದ್ರದಲ್ಲಿ ತೇಲುವ ಬೋಯಾಕ್ಕೆ ಕಟ್ಟಿಕೊಂಡು, ಸಮುದ್ರತಳದ ಕೊಳವೆಯ ಮೂಲಕ ತೈಲ ಇಳಿಸುತ್ತವೆ. ಅದರಲ್ಲಿ ಒಂದು ಪಾಲು ದೇಶದ ಆಪತ್ಕಾಲದ ದಾಸ್ತಾನಾಗಿ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಬಂಡೆಯ ಸುರಂಗಗಳಿಗೆ ಹೋಗುತ್ತದೆ. ಈ ಸುರಂಗಗಳಿಗೆ ಒಳಗೆ ಉಕ್ಕಿನ ಹೊದಿಕೆಯಿಲ್ಲ, ಬರೀ ಬಂಡೆ. ಬಿರುಕುಗಳಿಂದ ಎಣ್ಣೆ ಸೋರುವುದಿಲ್ಲವೇ ಎಂದರೆ, ಸುರಂಗವನ್ನು ಅಂತರ್ಜಲದ ಮಟ್ಟಕ್ಕಿಂತ ಬಹಳ ಕೆಳಗೆ ಕೊರೆದು, ಅದರ ಮೇಲಿನ ಬಂಡೆಗೆ ರಂಧ್ರ ಹಾಕಿ ಸದಾ ನೀರು ತುಂಬಿಸುತ್ತಾರೆ. ಆ ನೀರಿನ ಒತ್ತಡ ಒಳಗಿನ ತೈಲದ ಒತ್ತಡಕ್ಕಿಂತ ಹೆಚ್ಚಿರುವುದರಿಂದ ಬಿರುಕಿನಲ್ಲಿ ನೀರು ಒಳಕ್ಕೆ ಬರುತ್ತದೆಯೇ ಹೊರತು ತೈಲ ಹೊರಕ್ಕೆ ಹೋಗುವುದಿಲ್ಲ. ಒಳಗೆ ಬಂದ ನೀರನ್ನು ತಳದಿಂದ ಎತ್ತಿ ತೆಗೆಯುತ್ತಾರೆ.

ಇನ್ನು ಬೆಂಕಿ. ಅದರ ಹೆಸರು ಫ್ಲೇರ್. ಒಳಗಿನ ಯಾವುದೇ ಪಾತ್ರೆಯಲ್ಲಿ ಒತ್ತಡ ಮೀರಿದರೆ ಸುರಕ್ಷತಾ ಕವಾಟ ತೆರೆದು ಅನಿಲವನ್ನು ಅಲ್ಲಿಗೆ ಕಳುಹಿಸುತ್ತದೆ. ಸುಡದೆ ಹಾಗೇ ಬಿಟ್ಟರೆ ಆ ಅನಿಲ ನೆಲದ ಮಟ್ಟಕ್ಕೆ ಇಳಿದು ಎಲ್ಲೋ ಕಿಡಿ ಕಂಡು ಸ್ಫೋಟಿಸಬಹುದು. ಅದಕ್ಕಾಗಿ ತುದಿಯಲ್ಲಿ ಪುಟ್ಟ ಪೈಲಟ್ ಜ್ವಾಲೆ ಯಾವಾಗಲೂ ಉರಿಯುತ್ತಿರಬೇಕು. ಅದು ಆರಿದರೆ ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ. ಬೆಂಕಿ ಕೊಳವೆಯೊಳಗೆ ಹಿಂದಕ್ಕೆ ನುಗ್ಗದಂತೆ ಬುಡದಲ್ಲಿರುವುದು ನೀರಿನ ತಡೆ. ದಿನನಿತ್ಯ ಸೋರಿ ಬರುವ ಅನಿಲವನ್ನು ಕಂಪ್ರೆಸರ್‌ಗಳು ಹಿಂದಕ್ಕೆ ಎಳೆದು ಕುಲುಮೆಗಳಿಗೆ ಕೊಡುವ ವ್ಯವಸ್ಥೆ ಆಧುನಿಕ ಸಂಸ್ಕರಣಾಗಾರಗಳಲ್ಲಿ ಇರುತ್ತದೆ. ಉಳಿದು ಉರಿಯುವುದನ್ನು ಸಿಲಿಂಡರಿಗೆ ತುಂಬಲಾಗುವುದಿಲ್ಲ. ಅಡುಗೆ ಅನಿಲ ಪ್ರೊಪೇನ್, ಬ್ಯೂಟೇನ್; ಒತ್ತಿದರೆ ದ್ರವವಾಗುತ್ತದೆ. ಫ್ಲೇರಿಗೆ ಹೋಗುವುದು ಹೈಡ್ರೋಜನ್, ಮೀಥೇನ್, ಕೆಲವೊಮ್ಮೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಬೆರೆತ, ಗಳಿಗೆಗೊಂದು ಪ್ರಮಾಣದ ಮಿಶ್ರಣ. ಇವತ್ತು ಬೆಟ್ಟದಷ್ಟು, ನಾಳೆ ಏನೂ ಇಲ್ಲ.

ಮಹಡಿಯಿಂದ ನೋಡುವಾಗ ಜ್ವಾಲೆಯ ಗಾತ್ರಕ್ಕಿಂತ ಬಣ್ಣ ಗಮನಿಸಿ. ತುದಿಯಲ್ಲಿ ಜ್ವಾಲೆಯೊಳಕ್ಕೆ ಹಬೆ ಊದುತ್ತಾರೆ. ಅದು ಸುತ್ತಲಿನ ಗಾಳಿಯನ್ನು ಸೆಳೆದುಕೊಂಡು ಅನಿಲ ಪೂರ್ತಿ ಉರಿಯುವಂತೆ ಮಾಡುತ್ತದೆ. ಮಸಿಯಿಲ್ಲದ ಕಿತ್ತಳೆ ಜ್ವಾಲೆ, ಜೊತೆಗೆ ಭೋರ್ಗರೆತವಿದ್ದರೆ ಹಬೆ ಸರಿಯಾಗಿ ಹೋಗುತ್ತಿದೆ ಎಂದರ್ಥ. ಸದ್ದು ಆ ಹಬೆಯದು. ವಿದ್ಯುತ್ ಕೈಕೊಟ್ಟಾಗ, ಘಟಕ ಶುರುಮಾಡುವಾಗ ಕೆಲವು ನಿಮಿಷ ಕಪ್ಪು ಹೊಗೆ ಬರುವುದುಂಟು. ಗಂಟೆಗಟ್ಟಲೆ ಕಪ್ಪು ಹೊಗೆ ಕಂಡರೆ, ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ, ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಗಾಳಿ ಬೀಸುತ್ತಿದ್ದ ದಿಕ್ಕು ಬರೆದಿಟ್ಟುಕೊಂಡು ಬೈಕಂಪಾಡಿಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಬರೀ ಫೋಟೊ ಕಳುಹಿಸಿದರೆ ಸಾಲದು. ಹೊತ್ತು ಗೊತ್ತಿದ್ದರೆ ಆ ಗಳಿಗೆಯಲ್ಲಿ ಯಾವ ಕವಾಟ ತೆರೆದಿತ್ತು, ಎಷ್ಟು ಅನಿಲ ಹೋಯಿತು ಎಂಬುದು ಒಳಗಿನ ಕಂಪ್ಯೂಟರಿನ ದಾಖಲೆಯಲ್ಲಿ ನಿಮಿಷ ನಿಮಿಷಕ್ಕೂ ಸಿಗುತ್ತದೆ. ಹೊತ್ತು ಹೇಳಿ ಕೇಳಿದವರಿಗೆ ಇಲ್ಲವೆನ್ನುವುದು ಕಷ್ಟ.